ಸಾಹೇಬರ ಕೈಯಲ್ಲಿ ಕರಟ

ಫ್ಯಾನು ಅಲ್ಲಾಡುತ್ತಿದೆ, ಬಿದ್ದರೆ ನೇರ ಸಾಹೇಬರ ಬೋಳುತಲೆಯ ಮೇಲೇ, ನಗಬಾರದು, ಕಚೇರೀಲಿ ಹಲ್ಲು ಕಿರೀಬೇಡ ಕಣೇ ಭೂಮಿ ಅಂತ ನಮ್ಮಣ್ಣ ಶಿವಣ್ಣ ಅಜ್ಜಂಪುರದಲ್ಲಿ ರೈಲು ಹತ್ತುವಾಗಲೇ ಹೇಳಿದ, ಕಡೂರಲ್ಲಿ ಇಳಿಯುವಾಗ ಮತ್ತೆ ಹೇಳಿದ, ಒಂದು ಸಲ ಹೇಳಿದರೆ ಸಾಕು, ಇಪ್ಪತ್ತಾರು ವರ್ಷ ನನಗೆ, ಬುದ್ಧಿ ನಿಧಾನ ಅಷ್ಟೇ, ಕಿವಿ ನಿಧಾನವಲ್ಲ — ಸಾರ್, ಅವ್ವ ಹೋದ್ಮೇಲೆ ಇವಳನ್ನ ನೋಡ್ಕೊಳ್ಳೋರಿಲ್ಲ, ಗಾರ್ಡಿಯನ್ ಕಾಗದ ನನ್ನ ಹೆಸರಿಗೆ ಮಾಡ್ಕೊಟ್ರೆ ಹಾಸ್ಟೆಲಿಗೆ ಸೇರಿಸ್ಬಿಡ್ತೀನಿ, ಅಂತಿದ್ದಾನೆ ಶಿವಣ್ಣ — ಆ ಹಾಸ್ಟೆಲ್ ನೋಡಿದ್ದೇನೆ, ಗೇಟಿಗೆ ಹೊರಗಿನಿಂದ ಬೀಗ, ಒಳಗೆ ಎಲ್ಲರಿಗೂ ಒಂದೇ ಥರ ಕೂದಲು ಕತ್ತರಿಸಿದ್ದಾರೆ, ನಾನು ಹೋಗಲ್ಲ, ಅಂಗನವಾಡಿಯಲ್ಲಿ ಕಲ್ಲಮ್ಮನ ಜೊತೆ ಮಕ್ಕಳ ಕೈ ತೊಳೆಸುವವರು ಯಾರು, ಭೂಮಕ್ಕ ಭೂಮಕ್ಕ ಅಂತ ಸೆರಗು ಜಗ್ಗುತ್ತವೆ, ಕಲ್ಲಮ್ಮ ಹೇಳಿದ್ದಾಳೆ, ನಮ್ಮನೇಲೇ ಇರು ಕಣೇ, ನಿಂಗೊಂದು ಮುದ್ದೆ ಹೆಚ್ಚಲ್ಲ — ಇದನ್ನೇ ಹೇಳಬೇಕು, ಎರಡೇ ಮಾತು, ನಾನು ಹೋಗಲ್ಲ, ಕಲ್ಲಮ್ಮನ ಮನೇಲಿರ್ತೀನಿ.

ತರೀಕೆರೆಯ ತರಬೇತಿಯಲ್ಲಿ ಮೂರು ತಿಂಗಳು ಇದೇ ಕಲಿತದ್ದು, ನಿಮ್ಮ ಮಾತು ನೀವೇ ಆಡೋದು, ಅಂತ ಮಾನಸ ಮೇಡಂ ಎಲ್ಲರನ್ನೂ ಸುತ್ತ ಕೂರಿಸಿ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ ಒಂದು ತೆಂಗಿನ ಕರಟ ಕೊಡುತ್ತಿದ್ದರು, ಕರಟ ಯಾರ ಕೈಲಿದೆಯೋ ಅವರದ್ದೇ ಮಾತು, ಮಿಕ್ಕೋರೆಲ್ಲ ಸುಮ್ಮನಿರಬೇಕು, ಕಿತ್ಕೊಳ್ಳೋ ಹಾಗಿಲ್ಲ — ಮೊದಮೊದಲು ಅದು ನನ್ನ ಕೈಗೆ ಬಂದರೆ ಬೆವರು, ಒಂದು ದಿನ ನನಗೆ ಉಪ್ಪಿಟ್ಟು ಬೇಡ ಅಂದೆ, ಎಲ್ಲರೂ ಚಪ್ಪಾಳೆ, ಮರುದಿನದಿಂದ ನಿಜವಾಗಿಯೂ ಉಪ್ಪಿಟ್ಟು ಹಾಕಲಿಲ್ಲ! ಕೊನೇ ದಿನ ಮೇಡಂ ಕರಟ ನನಗೇ ಕೊಟ್ಟರು, ಅದನ್ನೇ ತಂದು ಈ ಮೇಜಿನ ಮೇಲಿಟ್ಟೆ, ನನ್ನ ಸರದಿ ಇದೆ ಅಂತ ಗೊತ್ತಾಗಲಿ ಎಂದು — ಸಾಹೇಬರು ಎತ್ತಿಕೊಂಡುಬಿಟ್ಟರು, ಎಷ್ಟು ನುಣ್ಣಗಿದೆಯಪ್ಪ ಇದು, ಅಂತ ತಿರುಗಿಸುತ್ತಾ ಮಾತಾಡುತ್ತಿದ್ದಾರೆ, ಆಡಲಿ, ಕರಟ ಅವರ ಕೈಲಿದೆ, ಮುಗಿಸಿ ಕೊಡುತ್ತಾರೆ.

ಏನಮ್ಮ, ಅಣ್ಣ ಹೇಳಿದ್ದಕ್ಕೆ ನಿನ್ನದೇನಾದ್ರೂ ತಕರಾರಿದೆಯಾ — ನನ್ನನ್ನೇ ಕೇಳುತ್ತಿದ್ದಾರೆ, ಅಯ್ಯೋ, ಕೇಳುತ್ತಿದ್ದಾರೆ, ಆದರೆ ಕರಟ ಇನ್ನೂ ಅಲ್ಲೇ ಇದೆ, ಕೊಡಿ, ಕೈ ಚಾಚಿದ್ದೇನೆ, ಕೊಟ್ಟರೆ ತಾನೇ ಮಾತಾಡೋದು, ಕೊಡಿ ಸಾಹೇಬರೇ — ಆ ಕರಟ ಬೇಕಂತೆ ಸಾರ್, ಮಕ್ಕಳ ಹಂಗೆ, ಇವಳಿಗೇನು ತಿಳೀತದೆ — ಶಿವಣ್ಣ ನನ್ನ ಕೈ ಮೆಲ್ಲಗೆ ಕೆಳಗಿಳಿಸಿದ, ಹೊಡೆಯುವವನಲ್ಲ ಅವನು, ಅದಕ್ಕೇ ಹೊಟ್ಟೆ ಉರಿಯುತ್ತದೆ — ಪಾಪ, ತಕರಾರಿಲ್ಲ ಅಂತ ಬರ್ಕೊಳ್ರೀ ದೇವರಾಜ್ — ಗುಮಾಸ್ತ ಮಸಿಯ ಪ್ಯಾಡು ತಂದ, ಸಹಿ ಕಲಿತಿದ್ದೇನೆ ಅನ್ನುವಷ್ಟರಲ್ಲಿ ಶಿವಣ್ಣ ನನ್ನ ಹೆಬ್ಬೆಟ್ಟು ಹಿಡಿದು ಒತ್ತಿಸಿಯಾಯಿತು, ತಣ್ಣಗಿತ್ತು ಮಸಿ, ತಗೋ ತಾಯಿ ನಿನ್ನ ಕರಟ, ಅಂತ ಸಾಹೇಬರು ನಕ್ಕು ಕೊಟ್ಟರು, ಈಗ ಕೊಟ್ಟರು, ಈಗ ನನ್ನ ಕೈಲಿದೆ, ಎಲ್ಲರೂ ಸುಮ್ಮನಾಗಬೇಕು — ಮುಂದಿನವರನ್ನ ಕರೀರಿ — ನಾನು ಹೋಗಲ್ಲ — ಏಳೇ ಭೂಮಿ, ರೈಲು ತಪ್ಪುತ್ತೆ — ನಾನು ಹೋಗಲ್ಲ, ಕಲ್ಲಮ್ಮನ — ಕುರ್ಚಿ ಎಳೆದ ಸದ್ದು, ಫ್ಯಾನಿನ ಸದ್ದು, ಮೇಡಂ, ಕರಟ ನನ್ನ ಕೈಲೇ ಇದೆ, ಯಾರೂ ಸುಮ್ಮನಾಗ್ತಿಲ್ಲ, ಕರಟದ ಮೇಲೆ ನೀಲಿ ಗುರುತು, ನನ್ನದೇ ಹೆಬ್ಬೆಟ್ಟು, ಸೆರಗಿನಲ್ಲಿ ಒರೆಸಿದೆ, ಹೋಗಲಿಲ್ಲ, ಮತ್ತೆ ಒರೆಸಿದೆ, ಕರಟದ ಮೇಲೆ ನೀಲಿ ಹೆಬ್ಬೆಟ್ಟು —