ಒಂದು ಚಮಚ ಬೆಣ್ಣೆ

ಸದ್ದೇ ಇಲ್ಲ, ಎಣ್ಣೆ ಕಾಣದ ಕಾವಲಿಗೆ ಬಾಯಿಯೇ ಇಲ್ಲ, ಕೋಳಿಯ ಎದೆಮಾಂಸ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ್ದಾಯಿತು, ದಪ್ಪಮೆಣಸಿನಕಾಯಿ ಹೆಚ್ಚಿದ್ದಾಯಿತು, ಚೀಸ್ ಎಂದಿನದರ ಅರ್ಧ — ಎಲ್ಲಿಯ ಅರ್ಧ, ಮಗಳೇ ನಿಂತು ಚಿಟಿಕೆಯಷ್ಟು ತುರಿದು ಬಟ್ಟಲಿಗೆ ಹಾಕಿ ಹೋಗಿದ್ದಾಳೆ, ಅಮ್ಮಾ ಇಷ್ಟೇ, ಇದಕ್ಕಿಂತ ಒಂದೆಳೆ ಜಾಸ್ತಿ ಆದ್ರೂ ಮುಟ್ಟಲ್ಲ, ಆಯ್ತು ಕಣೇ ಮಹರಾಯ್ತಿ, ಲೈಟಾಗೇ ಮಾಡ್ತೀನಿ, ತಿಂತೀಯಲ್ಲ, ತಿಂತೀನಿ ಅಂದ್ನಲ್ಲ — ಮೂರು ದಿನದ ಮೇಲೆ ಮಗಳ ಬಾಯಿಂದ ಆ ಒಂದು ಮಾತು. ಈ ಕೆಸಡಿಯಾ ಎಂದರೇನೆಂದು ನನಗೆ ಕಲಿಸಿದವಳೂ ಅವಳೇ, ತೆಳು ಗೋಧಿ ರೊಟ್ಟಿಯ ಅರ್ಧಕ್ಕೆ ಎಲ್ಲ ಹರಡಿ ಉಳಿದರ್ಧ ಮಡಚು, ಅಷ್ಟೇ ಅಮ್ಮಾ, ನೀನು ಬಟ್ಟೆ ಮಡಚಲ್ವಾ ಹಾಗೆ, ಆಗ ಕೂತರೆ ನಾಲ್ಕು ತಿನ್ನುತ್ತಿದ್ದಳು, ಗಲ್ಲಕ್ಕೆಲ್ಲ ಚೀಸ್ ಮೆತ್ತಿಕೊಂಡು, ನನ್ನ ಡುಮ್ಮಿ.

ಡುಮ್ಮಿ, ಆ ದಿನವೂ ಅದನ್ನೇ ಅಂದದ್ದು, ನನ್ನ ಹೊಲಿಗೆ ಅಂಗಡಿ ತುಂಬ ಗಿರಾಕಿಗಳು, ಮಗಳು ಸ್ಟೂಲಿನ ಮೇಲೆ, ಶಾಲೆಯ ಬೀಳ್ಕೊಡುಗೆಗೆ ಹೊಲಿದ ನೀಲಿ ಫ್ರಾಕು, ನನ್ನ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ, ಕೈ ಸಾಲದ ದರ್ಜಿಗೆ ಬಾಯಿಯೇ ಸೂಜಿಪೆಟ್ಟಿಗೆ, ಸೂಜಿ ಕಚ್ಚಿಕೊಂಡೇ ಅಳತೆ ಕೂಗುವುದು ಇಪ್ಪತ್ತು ವರ್ಷದ ಚಾಳಿ — ಅಯ್ಯೋ ಡುಮ್ಮಿ, ಎರಡಿಂಚು ಬಿಚ್ಚಬೇಕಲ್ಲೇ, ಬಟ್ಟೇನೇ ಸಾಲಲ್ಲ — ಎಲ್ಲರೂ ನಕ್ಕರು, ನಾನೂ ನಕ್ಕೆ, ಸೂಜಿ ಬೀಳದಂತೆ ತುಟಿ ಬಿಗಿಹಿಡಿದು ನಕ್ಕೆ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅಂದಿನಿಂದ ಅವಳು ಊಟ ಬಿಡುತ್ತಾ ಬಂದಳು, ಆಮೇಲೆ ಬಿಚ್ಚುವ ಕೆಲಸವೇ ಬರಲಿಲ್ಲ, ಬರೀ ಹೊಲಿಗೆ ಒಳಕ್ಕೆ ಹಿಡಿಯುವುದು, ಒಂದಿಂಚು, ಮತ್ತೊಂದು, ಮತ್ತೆ, ಈಗ ಆ ಫ್ರಾಕಿನ ಹೊರಗಿರುವುದಕ್ಕಿಂತ ಹೊಲಿಗೆಯೊಳಗೆ ಮಡಿಸಿದ ಬಟ್ಟೆಯೇ ಜಾಸ್ತಿ. ನಾಡಿ ತುಂಬ ನಿಧಾನ ಇದೆ ಕಣಮ್ಮ ಎನ್ನುತ್ತಾರೆ ಡಾಕ್ಟರು, ಈ ವಾರ ತಿನ್ನದಿದ್ರೆ ಆಸ್ಪತ್ರೆಗೆ ಸೇರಿಸ್ಕೋತೀವಿ, ಜಗಳ ಆಡ್ಬೇಡಿ, ಸುಳ್ಳಂತೂ ಹೇಳ್ಲೇಬೇಡಿ, ಅವಳ ನಂಬಿಕೆ ಒಂದನ್ನ ಉಳಿಸ್ಕೊಳ್ಳಿ. ಉಳಿಸಿಕೊಳ್ಳುತ್ತೇನೆ, ಆದರೆ ಬೆಣ್ಣೆ, ಒಂದೇ ಒಂದು ಚಮಚ, ರೊಟ್ಟಿಯ ಕೆಳಗೆ, ಯಾರಿಗೆ ತಿಳಿಯುತ್ತದೆ, ಹೆತ್ತ ಕರುಳು ಕೇಳಬೇಕಲ್ಲ — ಕಾವಲಿ ಚುರ್ ಅಂತು, ಸದ್ದು ಮುಚ್ಚಲು ಜೋರಾಗಿ ಕೆಮ್ಮಿದೆ.

ಕಿಟಕಿಯ ಪಕ್ಕ ಕೂತಿದ್ದಾಳೆ, ತಟ್ಟೆ ಇಟ್ಟೆ, ನಾಲ್ಕು ತುಂಡು, ಒಂದನ್ನು ಎತ್ತಿದಳು, ಬಾಯಿಯವರೆಗೆ, ತಿನ್ನು ತಾಯಿ, ತಿನ್ನು — ಕೆಳಗಿಟ್ಟಳು, ಟಿಶ್ಯೂ ಎಳೆದು ಅದರ ಮೇಲೆ ಹಾಸಿ ಅಂಗೈಯಿಂದ ಒತ್ತಿದಳು, ನಾನೇ ಕಲಿಸಿದ್ದು, ಮಿಷನ್ನಿನ ಎಣ್ಣೆ ಬಟ್ಟೆಗೆ ತಾಗಿದ್ಯಾ ಅಂತ ಹೀಗೇ ಕಾಗದ ಒತ್ತಿ ಬೆಳಕಿಗೆ ಹಿಡೀಬೇಕು ಪುಟ್ಟಾ, ಕಣ್ಣು ಮೋಸಹೋದ್ರೂ ಕಾಗದ ಹೋಗಲ್ಲ — ಬೆಳಕಿಗೆ ಹಿಡಿದಳು, ಜಿಡ್ಡಿನ ಕಲೆಯ ಆ ಕಡೆ ಕಿಟಕಿಯ ಸರಳು ಕಾಣುತ್ತಿದೆ, ಅಮ್ಮಾ ಅಂದಳು, ಕೂಗಲಿಲ್ಲ, ಅಳಲಿಲ್ಲ, ತಟ್ಟೆಯನ್ನು ನನ್ನ ಕಡೆ ಸರಿಸಿದಳು, ಇನ್ಮೇಲೆ ನಿನ್ನ ಕೈಯಿಂದ ಏನೂ ಬೇಡ, ಅಲ್ಲ ಪುಟ್ಟಾ, ನಿನ್ನ ಜೀವ ಉಳೀಲಿ ಅಂತ, ನಾನು, ಆ ದಿನ ಅಂದದ್ದೂ ನಾನು ಬೇಕಂತ ಅಲ್ಲ — ಹೇಳಬೇಕು, ಬಾಯಿ ಬಿಡಬೇಕು, ಬಿಟ್ಟರೆ ಬಿದ್ದುಹೋಗುತ್ತವೆ, ತುಟಿಗಳ ನಡುವೆ, ಸಾಲಾಗಿ, ಗುಂಡುಸೂಜಿ, ಗುಂಡುಸೂಜಿ, ಗುಂಡುಸೂಜಿ