ಪೀಪಾಯಿಯ ತೂಕ

ಖಾಲಿ ಪೀಪಾಯಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅತ್ತಿಗೆಯ ತಲೆಗೆ ಹುಳ ಹೊಕ್ಕಿದ್ದು ಆಗಲೇ.

ಪೀಪಾಯಿ ಇದ್ದದ್ದು ಕಂಪ್ಯೂಟರಿನೊಳಗೆ. ಅತ್ತಿಗೆ, ನಾದಿನಿ ಇಬ್ಬರೂ ಸೇರಿ ಒಂದು ಆನ್‌ಲೈನ್ ಆಟ ಆಡುತ್ತಿದ್ದರು. ಊರೂರಿನ ಜನ ಅದರಲ್ಲಿ ಬಡಗಿಯೋ ಬೇಟೆಗಾರನೋ ದರೋಡೆಕೋರನೋ ಆಗಿ ವೇಷ ತೊಟ್ಟು ಓಡಾಡುತ್ತಾರೆ. ಇವರಿಬ್ಬರಿಗೂ ಅಲ್ಲಿ ಹೊಳೆಯಾಚೆ ಒಂದು ಮಣ್ಣಿನ ಮನೆ. ಅತ್ತಿಗೆ ಮನೆಯಲ್ಲೇ ಕೂತು ಬಟ್ಟಲು ಮಾಡುವುದು, ನಾದಿನಿ ಅವನ್ನು ಕಾಡು ದಾಟಿ ಸಂತೆಗೆ ಒಯ್ದು ಬದಲಿಗೆ ಜೇಡಿಮಣ್ಣು, ಸೌದೆ, ಬಣ್ಣ ತರುವುದು. ಅವತ್ತು ನಾದಿನಿ ಕೆಲಸಕ್ಕೆ ಹೋಗಿದ್ದಳು. ನಿಜವಾದ ಕೆಲಸಕ್ಕೆ, ಔಷಧಿ ಅಂಗಡಿಗೆ. ಅತ್ತಿಗೆ ಆಟದ ಮನೆಯನ್ನು ಒಪ್ಪ ಮಾಡಹೊರಟು ಪೀಪಾಯಿಯನ್ನು ಸರಿಸಲು ನೋಡಿದರೆ, ಇದು ನಿಮ್ಮ ಶಕ್ತಿಗೆ ಮೀರಿದ ಭಾರ ಎಂದು ಪರದೆ ಹೇಳಿತು. ಮುಚ್ಚಳ ತೆಗೆದರೆ ಒಳಗೆ ಒಂದು ಹಗ್ಗದ ಸುರುಳಿ. ಹಗ್ಗ ಎಲ್ಲಾದರೂ ಅಷ್ಟು ತೂಗುತ್ತದೆಯೇ?

ಮೊದಲೇ ಅವಳು ಕೆದಕುವ ಜಾತಿ. ತಾನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಗೆ ರಿಪೇರಿಗೆಂದು ಬಂದ ಕೋಟಿನ ಜೇಬುಗಳನ್ನೆಲ್ಲ ತಡಕಿ ನೋಡದೆ ಸೂಜಿಗೆ ದಾರ ಪೋಣಿಸಿದವಳಲ್ಲ. ಗುಂಡಿ ತೂರುವ ಸೀಳಿಗೆ ಕೈಯಿಂದ ಅಂಚು ಕಟ್ಟುವುದರಲ್ಲಿ, ಅಂದರೆ ಕಾಜಾ ಹೊಲಿಯುವುದರಲ್ಲಿ, ಅವಳನ್ನು ಬಿಟ್ಟರಿಲ್ಲ ಎಂಬ ಮಾತಿತ್ತು. ಏಣಿಯಿಂದ ಬಿದ್ದು ಬಲ ಮಣಿಕಟ್ಟು ಮುರಿದ ಮೇಲೆ ಆ ಮಾತು ನಿಂತಿತು. ಮೂಳೆಯೇನೋ ಕೂಡಿತು, ಬೆರಳುಗಳು ಮಾತ್ರ ಹೇಳಿದ್ದು ಕೇಳದಾದವು. ಹಿಸುಕಿ ಹಿಸುಕಿ ಹಿಡಿತ ತಂದುಕೊಳ್ಳಿ ಎಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಉರುಳಿಸಿ, ಗಂಡನ ಮೇಲೂ ಗೋಡೆಯ ಮೇಲೂ ಒಟ್ಟಿಗೇ ಮುನಿಸಿಕೊಂಡು ಮಲಗಿಬಿಟ್ಟಳು. ನಾದಿನಿ ಈ ಆಟದ ಚಟ ಹತ್ತಿಸಿದ್ದು ಆಗ. ಆಟದಲ್ಲಿ ಕುಂಬಾರನ ಚಕ್ರ ತಿರುಗಬೇಕಾದರೆ ಮೌಸನ್ನು ಒಂದೇ ಸಮನೆ ಸುತ್ತಿಸಬೇಕು. ಕೈ ನಡುಗಿತೋ, ಬಟ್ಟಲು ಸೊಟ್ಟ.

ಮೊದಮೊದಲು ಎಲ್ಲವೂ ಸೊಟ್ಟವೇ. ಇಂಥವನ್ನು ಯಾರು ಮುಟ್ಟುತ್ತಾರೆ ಎಂದು ಅತ್ತಿಗೆ ಮುಖ ಸಿಂಡರಿಸಿದರೆ, ಕೋಳಿಗೆ ನೀರಿಡುವುದಕ್ಕೆ ಜನ ಮುಗಿಬೀಳುತ್ತಾರೆ ಎಂದು ನಾದಿನಿ ನಗುನಗುತ್ತಾ ಗಂಟು ಕಟ್ಟಿಕೊಂಡು ಹೊರಡುತ್ತಿದ್ದಳು. ಸಂತೆಯಿಂದ ಒಮ್ಮೆಯೂ ಬರಿಗೈಲಿ ಬಂದವಳಲ್ಲ. ಮಾಡಿದ್ದೆಲ್ಲ ಬಿಕರಿಯಾಗುತ್ತದೆ ಎಂದ ಮೇಲೆ ಅತ್ತಿಗೆಗೂ ಹುರುಪು ಬಂತು. ಮೊದಲು ಕೆಂಪು ಬಟ್ಟಲು, ಆಮೇಲೆ ನೀಲಿ ಅಂಚಿನವು, ಈಚೆಗೆ ಹಸಿರು. ಹಸಿರಿನವು ನೆಟ್ಟಗಿವೆ ಎಂದು ಅವಳ ಕಣ್ಣು ಹೇಳುತ್ತಿತ್ತು. ಆದರೆ ತನ್ನ ಕೆಲಸದ ವಿಷಯದಲ್ಲಿ ಅವಳು ತನ್ನ ಕಣ್ಣನ್ನು ನಂಬಿದವಳಲ್ಲ, ತಗೊಳ್ಳುವವರು ಒಪ್ಪಬೇಕು.

ಈಗ ಆ ಒಪ್ಪಿಗೆಯ ಮೇಲೇ ಎಲ್ಲ ನಿಂತಿತ್ತು. ಹೊಲಿಗೆ ಅಂಗಡಿಯ ಯಜಮಾನರು ಫೋನ್ ಮಾಡಿ, ಸೋಮವಾರದಿಂದ ಬರುತ್ತೀರೋ ಇಲ್ಲವೋ ಇವತ್ತು ಸಂಜೆಯೊಳಗೆ ಹೇಳಿ, ಇಲ್ಲವಾದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ಕೂರಿಸುತ್ತೇನೆ ಎಂದಿದ್ದರು. ಸೂಜಿ ಹಿಡಿದು ನೋಡಲು ಅವಳಿಗೆ ಇನ್ನೂ ಧೈರ್ಯ ಸಾಲದು. ಆದರೂ ಬಟ್ಟಲು ಮಾರಿಹೋಗುತ್ತಿವೆಯಲ್ಲ, ಬರುತ್ತೇನೆ ಎಂದೇ ಹೇಳುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಆ ಆಟದಲ್ಲಿ ಏನನ್ನು ಪದೇ ಪದೇ ಮಾಡಿದರೂ ಅದರಲ್ಲಿ ಪಳಗುತ್ತಾರೆ. ದಾರಿಯಲ್ಲಿ ದರೋಡೆಕೋರರ ಕಾಟವಿದ್ದುದರಿಂದ ನಾದಿನಿ ಬಚ್ಚಿಡುವುದರಲ್ಲಿ ಪಳಗಿದ್ದಳು. ಅವಳು ಬಚ್ಚಿಟ್ಟದ್ದು ಪೆಟ್ಟಿಗೆ ತೆರೆದರೂ ಕಾಣದು, ಭಾರ ಮಾತ್ರ ಎಲ್ಲಿಗೂ ಹೋಗದು. ಅತ್ತಿಗೆ ಹೊತ್ತು ಹೋಗದೆ ಗಡಿಗೆ, ಹಾಸಿಗೆ, ಸೌದೆ ರಾಶಿ ಎಲ್ಲವನ್ನೂ ಜಾಲಾಡಿ ಹುಡುಕುವುದರಲ್ಲಿ ಪಳಗಿದ್ದಳು. ಈಗ ಪಟ್ಟು ಹಿಡಿದು ಕೂತಳು. ಹುಡುಕು ಎಂದು ಒತ್ತಿದಳು, ಏನೂ ಇಲ್ಲ. ಮತ್ತೆ ಒತ್ತಿದಳು. ಪಕ್ಕದಲ್ಲಿ ಚಹಾ ಆರಿ ಕೆನೆ ಕಟ್ಟಿತು. ನಾದಿನಿ ಏನು ಬಚ್ಚಿಟ್ಟಿರಬಹುದು? ದರೋಡೆಕೋರರ ಜೊತೆಗೇ ಸೇರಿಕೊಂಡಳೋ ಹೇಗೆ? ಹಾಗಿದ್ದರೆ ತನಗೂ ಒಂದು ಪಾಲು ಬರಬೇಕು ಎಂದುಕೊಳ್ಳುವಷ್ಟರಲ್ಲಿ ಹಗ್ಗದ ಕೆಳಗೆ ಒಂದು ಬಟ್ಟಲು ಕಾಣಿಸಿಕೊಂಡಿತು. ನೀಲಿ ಅಂಚು, ಒಂದು ಪಕ್ಕಕ್ಕೆ ಸೊಟ್ಟ. ಮಾಡಿದವರು ಎಂಬಲ್ಲಿ ಅವಳದೇ ಆಟದ ಹೆಸರು.

ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೂ ಒಂದು. ಕೋಳಿಗಳ ಪಾಲಾದವು ಎಂದುಕೊಂಡಿದ್ದ ಬಟ್ಟಲುಗಳೆಲ್ಲ ಸಾಲಾಗಿ ಮೇಲೆ ಬಂದವು.

ಸಿಟ್ಟಿಗಿಂತ ಮೊದಲು ಬಂದದ್ದು ಅವಮಾನ. ನಾದಿನಿ ತನ್ನ ಸ್ವಂತ ಸರಕು ಕೊಟ್ಟು ಮಣ್ಣು ತಂದಿದ್ದಾಳೆ, ತಾನು ಇಲ್ಲಿ ದೊಡ್ಡ ಕಸುಬುದಾರಳ ಹಾಗೆ ಬೀಗಿದ್ದೇನೆ. ಇನ್ನು ಯಜಮಾನರಿಗೆ ಯಾವ ಮುಖದಲ್ಲಿ ಬರುತ್ತೇನೆ ಎನ್ನುವುದು? ಅವಳಿಗೆ ಅಳು ಬಂತು, ಅತ್ತಳು.

ಆದರೆ ಅಳುವಾಗಲೂ ಕೆದಕುವ ಬುದ್ಧಿ ಸುಮ್ಮನಿರಬೇಕಲ್ಲ. ಮೂಗು ಒರೆಸಿಕೊಂಡು ನೋಡಿದರೆ ಪೀಪಾಯಿಯಲ್ಲಿ ಕೆಂಪು ಇದೆ, ನೀಲಿ ಇದೆ, ಹಸಿರಿನದು ಒಂದೂ ಇಲ್ಲ. ಇನ್ನೆಲ್ಲಿ ತುರುಕಿದ್ದಾಳೋ ಎಂದು ಮನೆಯನ್ನೆಲ್ಲ ತಲೆಕೆಳಗು ಮಾಡಿದಳು. ಗಡಿಗೆಯಲ್ಲಿಲ್ಲ, ಹಾಸಿಗೆಯಲ್ಲಿಲ್ಲ, ಒಲೆಯ ಬೂದಿಯಲ್ಲೂ ಇಲ್ಲ. ಕೊನೆಗೆ, ನೋಡಿಯೇ ಇಲ್ಲವೆಂಬಂತೆ ಇದ್ದುಬಿಡೋಣವೆಂದು ಬಟ್ಟಲುಗಳನ್ನು ಪೀಪಾಯಿಗೆ ವಾಪಸು ತುಂಬಿದಳು. ಬಚ್ಚಿಡುವುದನ್ನು ಅವಳು ಎಲ್ಲಿ ಕಲಿತಿದ್ದಳು? ತುಂಬಿದ್ದೆಲ್ಲ ಎದ್ದು ಕಾಣುತ್ತಿತ್ತು. ನಾದಿನಿ ಕೆಲಸದಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಪರದೆ ನೋಡಿ ಹಾಗೇ ನಿಂತಳು.

ಅತ್ತಿಗೆ ಬೈಯಲಿಲ್ಲ. "ಹಸಿರು ಬಟ್ಟಲು ಎಲ್ಲಿಟ್ಟಿದ್ದೀಯ?" ಎಂದಷ್ಟೇ ಕೇಳಿದಳು.

"ಇಟ್ಟಿಲ್ಲ ಅತ್ತಿಗೆ. ಅವು ಮಾರಿಹೋದ್ವು. ಬಚ್ಚಿಡೋಕೆ ನನ್ನ ಕೈಗೆ ಒಂದೂ ಉಳೀಲಿಲ್ಲ."

"ನಿನ್ನ ಮಾತು ಹೇಗೆ ನಂಬಲಿ?"

ನಾದಿನಿ ತಲೆ ತಗ್ಗಿಸಿದಳು. "ನನ್ನ ಮಾತು ನಂಬಬೇಡಿ. ಮನೆಯೆಲ್ಲ ಹುಡುಕಿದ್ರಲ್ಲ, ನೀವು ಹುಡುಕಿದ್ದನ್ನ ನಂಬಿ."

ಅತ್ತಿಗೆ ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡಳು. ನಾದಿನಿಯ ಮೇಲೆ ಅವಳಿಗೆ ಕೋಪವೂ ಇತ್ತು, ಅಷ್ಟೇ ಪ್ರೀತಿಯೂ ಉಕ್ಕಿತ್ತು, ಎರಡರಲ್ಲಿ ಯಾವುದನ್ನು ಆಡಿ ತೋರಿಸಬೇಕೋ ತಿಳಿಯಲಿಲ್ಲ. ಕಿಟಕಿಯಾಚೆ ಬೀದಿ ದೀಪ ಹತ್ತಿಕೊಂಡಾಗ ಫೋನ್ ತೆಗೆದುಕೊಂಡಳು.

ಸೋಮವಾರ ಬರುತ್ತೇನೆ ಎಂದು ಯಜಮಾನರಿಗೆ ಹೇಳಿದಳು. ಕೈ ಹೇಗಿದೆ ಎಂದು ಅವರು ಕೇಳಿದ್ದಿರಬೇಕು.

"ಹೊಲಿದು ನೋಡಿದ್ರೇನೇ ಗೊತ್ತಾಗೋದು. ಆದ್ರೆ ಒಂದು ಮಾತು. ನನ್ನ ಕಾಜಾ ಸೊಟ್ಟಗೆ ಬಂದ್ರೆ, ಪಾಪ ಅಂತ ಬಚ್ಚಿಡಬೇಡಿ. ತಂದು ನನ್ನ ಮುಂದೇನೇ ಇಡಿ. ಬಿಚ್ಚಿ ಮತ್ತೆ ಹೊಲೀತೀನಿ."

ನಾನ್ಯಾಕೆ ಬಚ್ಚಿಡಲಿ ಎಂದು ಆ ಕಡೆ ಯಜಮಾನರು ತಬ್ಬಿಬ್ಬಾದರು. ಬಾಗಿಲ ಹತ್ತಿರ ನಿಂತಿದ್ದ ನಾದಿನಿಗೂ ಕೇಳಲಿ ಎಂದೇ ಅವಳು ಅದನ್ನು ಸ್ವಲ್ಪ ಜೋರಾಗಿ ಹೇಳಿದ್ದು.