ಹದಿನಾರನೆಯ ನಟ್ಟು

ಪೆಟ್ರೋಲಲ್ಲ, ಬೇರೇನೋ ವಾಸನೆ, ಮೂಗಿಗೆ ಸಣ್ಣಗೆ ಚುರುಕ್ ಎನ್ನುವಂಥದ್ದು, ಎಲ್ಲೋ ಏನೋ ಸೋರುತ್ತಿದೆ, ಸೋರಲಿ, ಚೆನ್ನಾಗಿಯೇ ಸೋರಲಿ, ಆಗ ಅಕ್ಕನಿಗೆ ಹೇಳಲು ಒಂದು ನೆಪವಾದರೂ ಸಿಕ್ಕೀತು — ಅಂದುಕೊಂಡ ಮರುಗಳಿಗೆಯೇ ಅವನಿಗೆ ನಾಚಿಕೆಯಾಯಿತು, ಐವತ್ತೈದು ದಾಟಿದ ಗಂಡಸು ಬೆಳ್ಳಂಬೆಳಗ್ಗೆ ಶೆಡ್ಡಿನಲ್ಲಿ ನಿಂತು ಕಾರು ಕೆಡಲಪ್ಪಾ ಎಂದು ಬೇಡಿಕೊಳ್ಳುವುದೆಂದರೇನು. ಬಾನೆಟ್ಟು ಎತ್ತಿ ಬಗ್ಗಿ ನೋಡಿದ, ರೇಡಿಯೇಟರಿನ ಹೊಸ ಪೈಪು ಒಣಗಿಕೊಂಡೇ ಇದೆ, ಫ್ಯಾನ್ ಬೆಲ್ಟು ಬಿಗಿಯಾಗಿದೆ, ಆಯಿಲ್ಲು ಕಡ್ಡಿಯ ಗುರುತಿನವರೆಗೂ ಇದೆ, ಎಲ್ಲ ಸರಿಯಿರುವುದೇ ಅವನ ಸಂಕಟ. ಮೆಕ್ಯಾನಿಕ್ಕು ಮೊನ್ನೆ ಕೈ ಒರೆಸಿಕೊಳ್ಳುತ್ತ ಹೇಳಿದ್ದನಲ್ಲ, ಕಾರಿಗೇನೂ ಆಗಿಲ್ಲ ಸಾರ್, ನಿಮ್ಮ ಧೈರ್ಯಕ್ಕೆ ಮಾತ್ರ ನನ್ನ ಹತ್ರ ಸ್ಪೇರ್ ಪಾರ್ಟ್ ಇಲ್ಲ. ಮಾತು ನಿಜವೇ, ಗಡಿಯಾರ ರಿಪೇರಿಯವನ ಕೈ ಇದು, ಚಿಮಟದಲ್ಲಿ ಸಾಸಿವೆ ಕಾಳಿನಷ್ಟು ಸ್ಕ್ರೂ ಹಿಡಿದೇ ಮೂವತ್ತು ವರ್ಷ ಕಳೆದದ್ದು, ಅಕ್ಕ ಅವನನ್ನು ಕರೆಯುವುದೂ ಚಿಮಟ ಎಂದೇ, ಪೇಟೆಯ ನಾಲ್ಕು ಬೀದಿಯಾಚೆ ಸ್ಟೀರಿಂಗು ತಿರುಗಿಸಿದ್ದಲ್ಲ, ಇದಕ್ಕೀಗ ತೊಂಬತ್ತು ಕಿಲೋಮೀಟರು ಮಣ್ಣುದಾರಿ, ಬಸ್ಸಿಲ್ಲ, ದಾರಿಯುದ್ದಕ್ಕೂ ಫೋನು ಸಿಗುವುದಿಲ್ಲ, ಎರಡು ಕಡೆ ಹಳ್ಳಕ್ಕೆ ಇಳಿದು ಹತ್ತಬೇಕು, ಕೆಟ್ಟು ನಿಂತರೆ ಯಾಕೆಂದು ಕೇಳುವವರಿಲ್ಲ, ಅದೂ ಲಕ್ವ ಹೊಡೆದ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಜೀಪು ಕಳಿಸ್ತೀವಿ ಎಂದಿದ್ದರು ದಾರಿ ಮುಗಿಯುವ ಆ ಕೊನೆಯ ಊರಿನವರು, ಅಕ್ಕ ಹೆರಿಗೆ ನರ್ಸಾಗಿದ್ದ ಊರು, ಎರಡು ಕೋಣೆಯ ಆಸ್ಪತ್ರೆ ಕಟ್ಟಿಕೊಂಡಿದ್ದಾರೆ, ಮೊದಲ ದಿನ ಬಾಗಿಲು ನೀವೇ ತೆಗೀಬೇಕು ಸಿಸ್ಟರ್ ಎಂದು ಹೋದ ವಾರ ಮನೆಗೆ ಬಂದು ಕರೆದವಳು ಅಲ್ಲಿಯ ಹೊಸ ನರ್ಸು, ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡದ್ದೂ ಅಕ್ಕನ ಕೈಯೇ. ಅಕ್ಕ ಸೊಟ್ಟಗಾದ ಬಾಯಲ್ಲೇ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಜೀಪು ಬೇಡಮ್ಮ, ನನ್ನ ಕಾರಲ್ಲೇ ಬರ್ತೀನಿ, ಓಡಿಸೋಕೆ ನನ್ನ ತಮ್ಮ ಇದ್ದಾನೆ, ಅಂದುಬಿಟ್ಟಳು. ಇದ್ದಾನೆ, ಇದ್ದ, ಪಾಪ, ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಲೇ ಇದ್ದ.

ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕು, ಜಾಕು ಮಣ್ಣಲ್ಲಿ ಹೂತುಹೋಗದ ಹಾಗೆ ಅದರಡಿಗೆ ಇಡಲು ಹಲಗೆ, ಒಂದು ಬೆಲ್ಟು, ತಂತಿ, ಪೆಟ್ರೋಲ್ ಟ್ಯಾಂಕು ಸೀಳಿದರೆ ಮೆತ್ತಲು ಬಟ್ಟೆ ಸೋಪು, ಇಪ್ಪತ್ತು ಲೀಟರು ನೀರು — ನೀರಿನ ಕ್ಯಾನು ಎತ್ತಿಡುವಾಗ ಬಾಯಿ ತಾನಾಗಿಯೇ ಒಣಗಿತು, ಅವನಿಗಾಗ ಹನ್ನೆರಡು, ಅಮ್ಮ ಹೋಗಿ ವರ್ಷವಾಗಿತ್ತು, ಅಕ್ಕ ಅವನನ್ನೂ ಕರೆದುಕೊಂಡೇ ಆ ಕೊನೆಯ ಊರಿನ ಕೆಲಸಕ್ಕೆ ಸೇರಿದ್ದಳು, ಇದೇ ದಾರಿ, ಇದೇ ಕಾರು, ಹಿಂದಿನ ಸೀಟಿನಲ್ಲಿ ಜ್ವರದಿಂದ ಬೇಯುತ್ತ ಅವನು ಮಲಗಿದ್ದಾನೆ, ರೇಡಿಯೇಟರು ಕುದಿಯುತ್ತಿದೆ, ಇರುವುದು ಒಂದೇ ಬಾಟಲಿ ನೀರು, ಅಕ್ಕ ಅವನಿಗೊಂದು ಗುಟುಕು ರೇಡಿಯೇಟರಿಗೊಂದು ಗುಟುಕು ಕೊಡುತ್ತಿದ್ದಾಳೆ, ನಿನಗಿಂತ ಇದೇ ಜಾಸ್ತಿ ಕುಡಿಯುತ್ತೆ ನೋಡೋ ಎಂದು ನಗುತ್ತಿದ್ದಾಳೆ, ನಕ್ಕಾಗ ಅವಳ ತುಟಿ ಒಡೆದು ರಕ್ತ ಬಂತು, ಕೆಂಪಗೆ ಸಣ್ಣ ಗೆರೆ, ಇಡೀ ದಿನ ಅವಳು ಒಂದು ಹನಿ ಕುಡಿದಿರಲಿಲ್ಲ ಎಂಬುದು ಅವನಿಗೆ ಹೊಳೆದದ್ದು ದೊಡ್ಡವನಾದ ಮೇಲೆ. ಪೇಟೆಯ ಆಸ್ಪತ್ರೆ ಸೇರುವ ಮೊದಲು ಮೂರು ಸಲ ಕಾರು ನಿಲ್ಲಿಸಿದ್ದಳು, ಮೂರು ಸಲವೂ ಇಳಿದು ಚಕ್ರ ನೋಡಿದ್ದಳು, ಅದು ಅವಳ ಪದ್ಧತಿ, ಉಗುರಿಗೆ ಒಂದು ದಿನವೂ ಬಣ್ಣ ಹಚ್ಚದವಳ ಕಾರಿನಲ್ಲಿ ಯಾವತ್ತೂ ಕೆಂಪು ನೇಲ್ ಪಾಲಿಶಿನ ಬಾಟಲಿ, ಪ್ರತಿ ಚಕ್ರಕ್ಕೆ ನಾಲ್ಕು ನಟ್ಟು, ಪ್ರತಿ ನಟ್ಟಿನಿಂದ ಚಕ್ರದ ತಗಡಿಗೆ ಒಂದು ಗೆರೆ, ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತೆ ಕಣೋ, ದಾರೀಲಿ ಸ್ಪ್ಯಾನರ್ ಹಿಡ್ಕೊಂಡು ಕೂರೋಕೆ ನಂಗೆಲ್ಲಿ ಟೈಮು, ಅಲ್ಲಿ ಯಾರೋ ನೋವು ತಿಂತಾ ಇರ್ತಾಳೆ. ಗೆರೆ ಎಳೆಯುವ ಮೊದಲು ಸ್ಪ್ಯಾನರಿನಿಂದ ಒಂದು ಏಟು, ಬಿಗಿಯಿದ್ದರೆ ಠಣ್, ಸಡಿಲವಿದ್ದರೆ ಠಪ್, ಠಣ್ ಅನ್ನದೆ ಗೆರೆಯಿಲ್ಲ. ಗಡಿಯಾರದ ಸದ್ದು ಕೇಳಿಯೇ ಕಾಯಿಲೆ ಹೇಳುತ್ತೀರಲ್ಲ ಎಂದು ಅಂಗಡಿಗೆ ಬಂದವರು ಹೊಗಳಿದಾಗ ಅವನು ಸುಮ್ಮನೆ ನಗುತ್ತಾನೆ, ಕಿವಿ ಕೊಟ್ಟವಳು ಬೇರೆ ಇದ್ದಾಳೆ ಎಂದು ಹೇಳುವುದಿಲ್ಲ, ಹೇಳಬೇಕಿತ್ತು, ಈ ಕಿವಿ, ಈ ಕಸುಬು, ಈ ಉಸಿರು ಎಲ್ಲ ಅವಳದೇ, ಅಷ್ಟು ಪಡೆದವನು ಇವತ್ತು ನಾಲಿಗೆಯ ತುದಿಯಲ್ಲಿ ರೇಡಿಯೇಟರು ಸೋರ್ತಾ ಇದೆ ಅಕ್ಕ, ಹೋಗೋದು ಬೇಡ ಎಂಬ ಸುಳ್ಳು ಇಟ್ಟುಕೊಂಡು ಓಡಾಡುತ್ತಿದ್ದಾನೆ.

ಮತ್ತೆ ಅದೇ ವಾಸನೆ, ಈಗ ಕೆಳಗಿನಿಂದ, ಗಾಳಿ ನೋಡೋಣವೆಂದು ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ, ಕೆಂಪು — ಕೆಂಪು ಗೆರೆ, ಹಸಿಯಾಗಿ, ಹುಳ ಹರಿದಂತೆ ಸೊಟ್ಟಂಪಟ್ಟ, ಹಳೆಯ ಗೆರೆಗಳನ್ನು ನಿನ್ನೆ ಟಯರು ಬದಲಿಸುವಾಗ ಅವನೇ ಒರೆಸಿದ್ದನಲ್ಲ, ಇದು ಈಗಿನದು, ಎಡಗೈಯಲ್ಲಿ ಎಳೆದದ್ದು, ಬಲಗೈ ಎಲ್ಲಿ ಮಾತು ಕೇಳುತ್ತದೆ ಅವಳಿಗೆ. ಧೂಳಿನಲ್ಲಿ ಸ್ಟೂಲಿನ ನಾಲ್ಕು ಕಾಲಿನ ಗುರುತು, ಪಕ್ಕದಲ್ಲಿ ಊರುಗೋಲಿನ ಚುಕ್ಕೆ, ಎರಡನೇ ಚಕ್ರಕ್ಕೂ ಅದೇ ಗುರುತು, ಮೂರಕ್ಕೂ, ಅವನು ಹಲ್ಲುಜ್ಜುತ್ತ ಸುಳ್ಳಿಗೆ ಮಾತು ಜೋಡಿಸುತ್ತಿದ್ದಾಗ ಅವಳಿಲ್ಲಿ ಸ್ಟೂಲು ಎಳೆದುಕೊಂಡು ಕಾರಿಗೆ ಸುತ್ತು ಬಂದಿದ್ದಾಳೆ, ಹನ್ನೆರಡು ಗೆರೆ, ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರನೆಯದು ಬೋಳು. ನಟ್ಟಿನ ಕೆಳಗೆ ನೆಲದ ಮೇಲೆ ಸ್ಪ್ಯಾನರು, ಅದರ ಪಕ್ಕ ಬಾಟಲಿ, ಬೇರೇನೂ ಇಲ್ಲ, ಬೈಗುಳವೂ ಇಲ್ಲ. ತಟ್ಟಿದ, ಠಪ್. ನಿನ್ನೆ ಇದೇ ಚಕ್ರ ಹಾಕುವಾಗ ಹೆಂಡತಿ ಊಟಕ್ಕೆ ಕರೆದಳು, ಇವನ ತಲೆಯಲ್ಲಿ ರೇಡಿಯೇಟರು ಸುಳ್ಳುಸುಳ್ಳೇ ಸೋರುತ್ತಿತ್ತು, ಎದ್ದು ಹೋಗಿದ್ದ. ಈ ನಟ್ಟು ಬಿಚ್ಚಿಕೊಳ್ಳುತ್ತ ಹೋಗಿ ಎರಡನೇ ಹಳ್ಳದಲ್ಲಿ — ಬೇಡ, ಸ್ಪ್ಯಾನರು ಹಾಕಿ ಮೈಭಾರವೆಲ್ಲ ಬಿಟ್ಟು ತಿರುಗಿಸಿದ, ಅರ್ಧ ಸುತ್ತು, ಇನ್ನೂ ಸ್ವಲ್ಪ, ತಟ್ಟಿದ, ಠಣ್. ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು, ಇಸ್ತ್ರಿ ಮಾಡಿದ ಬಿಳಿ ಸೀರೆ, ಕೋಲು ಹಿಡಿದ ಎಡಗೈಯ ಹೆಬ್ಬೆರಳು ಕೆಂಪು, ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ, ಏನೋ ಚಿಮಟ, ಹೊರಡೋಣವಾ, ಅಂದಳು. ನಾಲಿಗೆಯ ತುದಿಯಲ್ಲಿದ್ದುದು ಎಲ್ಲಿ ಹೋಯಿತೋ, ಹ್ಞೂಂ ಅಕ್ಕ, ಒಂದು ನಿಮಿಷ, ಇದೊಂದು ಆಗಲಿ ಅಂದ, ಬಾಟಲಿಯ ಮುಚ್ಚಳ ತೆರೆದ, ಸಾಸಿವೆ ಕಾಳಿನ ಸ್ಕ್ರೂ ಹಿಡಿಯುವ ಕೈ, ಮೂವತ್ತು ವರ್ಷ ನಡುಗದ ಕೈ, ನಟ್ಟಿನಿಂದ ತಗಡಿಗೆ ಕುಂಚ ಇಳಿಸಿತು, ಕೆಂಪು ಗೆರೆ, ಹಸಿ, ಅವಳದಕ್ಕಿಂತ ಸೊಟ್ಟ.